ಪೇರಿಸು: ಒಂದು ಕ್ರಿಯಾಪದದ ಅರ್ಥ, ಬಳಕೆ ಮತ್ತು ಬೋಧನೆ

(ತಾಳವಾಡಿ ಭಾಗದ ಕನ್ನಡ ಮಾಧ್ಯಮ ಶಿಕ್ಷಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ತಾಳವಾಡಿ ಸೀಮೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಊಟ ಮುಗಿದಿದೆ ಎಂದು ಭಾವಿಸಿಕೊಳ್ಳಬಹುದು. ಮಕ್ಕಳು ತೊಳೆದ ತಟ್ಟೆಗಳನ್ನು ಗೋಡೆಯ ಬದಿಗೆ ಒಂದರ ಮೇಲೊಂದು ಇಡುತ್ತಿದ್ದಾರೆ. “ಏನು ಮಾಡ್ತಿದ್ದೀಯಪ್ಪ?” ಎಂದು ಶಿಕ್ಷಕರು ಕೇಳಿದರೆ ಒಬ್ಬ ಹುಡುಗ “ತಟ್ಟೆಯ ಅಡುಕ್ತಾ ಇವ್ನಿ ಸಾ” ಎನ್ನುತ್ತಾನೆ. ಪಕ್ಕದ ಹುಡುಗಿ “ಒಂದರ ಮ್ಯಾಲೊಂದ ಮಡಗ್ತಾ ಇವ್ನಿ ಸಾ” ಎನ್ನುತ್ತಾಳೆ. ಗ್ರಾಂಥಿಕ ಕನ್ನಡದಲ್ಲಿ ಇದೇ ಕೆಲಸಕ್ಕೆ ‘ಪೇರಿಸು’ ಎಂಬ ಪದವಿದೆ. ಹುಡುಗನ ಮಾತು ತಮಿಳು, ಹುಡುಗಿಯ ಮಾತು ಒರಟು, ಪುಸ್ತಕದ ಮಾತೊಂದೇ ಕನ್ನಡ ಎಂದು ತಿದ್ದಿಬಿಡುವುದು ಸುಲಭ. ಆದರೆ ಆ ತಿದ್ದುಪಡಿ ಸರಿಯೇ ಎಂಬುದನ್ನು ಮೊದಲು ಪರಿಶೀಲಿಸಬೇಕು. ತಪ್ಪಿಲ್ಲದ ಕಡೆ ತಪ್ಪೆಂದು ತಿದ್ದಿಸಿಕೊಂಡ ಮಗು ಮರುದಿನದಿಂದ ತರಗತಿಯಲ್ಲಿ ಬಾಯಿ ತೆರೆಯದೆ ಇರುವ ಸಂಭವವುಂಟು.

ಈ ಪ್ರಶ್ನೆ ಇತರೆಡೆಗಿಂತ ತಾಳವಾಡಿಯಲ್ಲಿ ಹೆಚ್ಚು ಮುಖ್ಯವಾಗಲು ಕಾರಣವಿದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಕೊಳ್ಳೇಗಾಲವೂ ತಾಳವಾಡಿಯೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಅಲ್ಲಿಯೇ ಉಳಿಯಿತು. 1979ರಲ್ಲಿ ಜಿಲ್ಲೆ ಒಡೆದಾಗ ಇಂದಿನ ಈರೋಡು ಜಿಲ್ಲೆಯ ಭಾಗವಾಯಿತು. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದರೆ ತಮಿಳಿನ ಸತ್ಯಮಂಗಲ. ಇನ್ನೊಂದು ಬದಿಗೆ ಸಾಗಿದರೆ ಕನ್ನಡದ ಚಾಮರಾಜನಗರ. ಮನೆಯಲ್ಲಿ ಚಾಮರಾಜನಗರದ ಸೀಮೆಯ ಕನ್ನಡ, ಕಚೇರಿಯಲ್ಲಿ ತಮಿಳು, ಪುಸ್ತಕದಲ್ಲಿ ಗ್ರಾಂಥಿಕ ಕನ್ನಡ. ಇದಲ್ಲದೆ 2006ರ ತಮಿಳು ಕಲಿಕೆ ಕಾಯ್ದೆಯ ಪ್ರಕಾರ ಕನ್ನಡ ಮಾಧ್ಯಮದ ಮಗುವೂ ಒಂದನೆಯ ತರಗತಿಯಿಂದ ತಮಿಳನ್ನು ಓದಬೇಕು. ಹೀಗಾಗಿ ಇಲ್ಲಿಯ ಮಗುವಿನ ಬಾಯಿಗೆ ಬರುವ ಪ್ರತಿಯೊಂದು ಪದಕ್ಕೂ ಎರಡು ಮೂರು ನೆರೆಹೊರೆಗಳಿರುತ್ತವೆ. ‘ಪೇರಿಸು’ ಪದವನ್ನು ಅದರ ನೆರೆಹೊರೆಯೊಡನೆ ಇಟ್ಟು ನೋಡುವುದೇ ಈ ಉಪನ್ಯಾಸದ ಉದ್ದೇಶ.

ಅರ್ಥದ ಎಲ್ಲೆ

ಒಂದು ವಸ್ತುವಿನ ಮೇಲೆ ಅದೇ ಬಗೆಯ ಇನ್ನೊಂದನ್ನು ಕ್ರಮವಾಗಿ ಇಡುತ್ತ ಹೋಗುವುದೇ ಪೇರಿಸುವುದು. ಇದರಲ್ಲಿ ಮೂರು ಅಂಶಗಳಿವೆ. ಒಂದಕ್ಕಿಂತ ಹೆಚ್ಚು ವಸ್ತುಗಳಿರಬೇಕು. ಅವು ಕೆಳಗಿನಿಂದ ಮೇಲಕ್ಕೆ ಬೆಳೆಯಬೇಕು. ಪೇರಿಸಿದ ಮೇಲೂ ಪ್ರತಿಯೊಂದು ವಸ್ತುವು ಬಿಡಿಯಾಗಿಯೇ ಉಳಿಯಬೇಕು. ತಟ್ಟೆ, ಪುಸ್ತಕ, ಇಟ್ಟಿಗೆ, ಮೂಟೆ ಇವುಗಳನ್ನು ಪೇರಿಸಬಹುದು. ನೀರನ್ನು ಪೇರಿಸಲಾಗದು, ಮರಳನ್ನೂ ಪೇರಿಸಲಾಗದು, ಮರಳು ತುಂಬಿದ ಚೀಲಗಳನ್ನು ಪೇರಿಸಬಹುದು. ಈ ಒಂದು ಉದಾಹರಣೆಯಿಂದಲೇ ಮಕ್ಕಳಿಗೆ ಅರ್ಥದ ಎಲ್ಲೆ ಗೊತ್ತಾಗುತ್ತದೆ.

ನಿಘಂಟಿನಲ್ಲಿ ಹತ್ತಿರ ಹತ್ತಿರ ನಿಲ್ಲುವ ಕೆಲವು ಪದಗಳನ್ನು ಪರ್ಯಾಯಪದಗಳೆಂದು ಬಾಯಿಪಾಠ ಮಾಡಿಸುವ ರೂಢಿಯಿದೆ. ಅವು ನಿಜವಾಗಿ ಬೇರೆ ಬೇರೆ ಕೆಲಸಗಳ ಹೆಸರುಗಳು.

‘ಗುಡ್ಡೆ ಹಾಕು’ ಎಂಬಲ್ಲಿ ಕ್ರಮವಿಲ್ಲ. ತಾಳವಾಡಿಯ ಬಳಿಯ ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಿಗೆ ನಡೆಯುವ ಗೊರೆ ಹಬ್ಬ ಇದಕ್ಕೆ ಒಳ್ಳೆಯ ನಿದರ್ಶನ. ಊರಿನ ದನಕರುಗಳ ಸಗಣಿಯನ್ನೆಲ್ಲ ತಂದು ಬೀರೇಶ್ವರ ದೇವಾಲಯದ ಬಳಿ ಸುರಿಯುತ್ತಾರೆ. ಬಳಿಕ ಅದರ ಉಂಡೆಗಳನ್ನು ಮಾಡಿ ಒಬ್ಬರ ಮೇಲೊಬ್ಬರು ಎರಚಿ ಆಡುತ್ತಾರೆ. ಆ ಸಗಣಿಯನ್ನು ಗುಡ್ಡೆ ಹಾಕಿದರು ಎನ್ನಬೇಕೇ ಹೊರತು ಪೇರಿಸಿದರು ಎನ್ನಲಾಗದು. ಅದೇ ಸಗಣಿಯನ್ನು ಬೆರಣಿ ತಟ್ಟಿ, ಒಣಗಿಸಿ, ಒಂದರ ಮೇಲೊಂದಾಗಿ ಇಟ್ಟರೆ ಆಗ ಪೇರಿಸಿದಂತಾಯಿತು. ವಸ್ತು ಒಂದೇ ಆದರೂ ಇಡುವ ಬಗೆ ಬದಲಾದಾಗ ಕ್ರಿಯಾಪದವೂ ಬದಲಾಗುತ್ತದೆ.

‘ಒಟ್ಟು’ ಎಂಬ ಕ್ರಿಯಾಪದ ಈ ಎರಡರ ನಡುವೆ ನಿಲ್ಲುತ್ತದೆ. ಕಟ್ಟಿಗೆ ಒಟ್ಟುತ್ತಾರೆ, ಹುಲ್ಲಿನ ಬಣವೆ ಒಟ್ಟುತ್ತಾರೆ. ರಾಗಿ ಕೊಯ್ದ ಮೇಲೆ ಕಂತೆಗಳ ತೆನೆ ಒಳಕ್ಕೂ ಬುಡ ಹೊರಕ್ಕೂ ಇರುವಂತೆ ಸುತ್ತಲೂ ಜೋಡಿಸುತ್ತ, ಮೇಲೆ ಹೋದಂತೆ ಕಿರಿದುಗೊಳಿಸಿ ಮೆದೆ ಹಾಕುತ್ತಾರೆ. ತೆನೆ ನೆನೆಯಬಾರದು, ಮಳೆ ನೀರು ಜಾರಿ ಹೋಗಬೇಕು ಎಂಬುದು ಅದರ ಹಿಂದಿನ ತಿಳಿವಳಿಕೆ. ಹಾಗೆ ಒಟ್ಟಿದ ಮೇಲೆ ಕಂತೆಗಳು ಬಿಡಿಯಾಗಿ ಕಾಣುವುದಿಲ್ಲ. ಮೆದೆ ಎಂಬ ಒಂದೇ ವಸ್ತು ಕಾಣುತ್ತದೆ. ಬಿಡಿಗಳು ಸೇರಿ ಒಂದಾಗಿ ನಿಲ್ಲುವ ಈ ಭಾವವೇ ‘ಒಟ್ಟು’ ಪದದ ವಿಶೇಷ.

‘ಅಡಕು’ ಎಂದರೆ ಒತ್ತೊತ್ತಾಗಿ ತುಂಬುವುದು. ಪೇರಿಸುವವನಿಗೆ ಎತ್ತರದ ಮೇಲೆ ಗಮನ. ಅಡಕುವವನಿಗೆ ಇರುವ ಜಾಗದ ಮೇಲೆ ಗಮನ. ‘ಹೊದಿಸು’ ಎಂಬಲ್ಲಿ ಒಂದು ಇನ್ನೊಂದನ್ನು ಮುಚ್ಚಬೇಕು. ಮಾಡಿಗೆ ಹೆಂಚು ಹೊದಿಸುವವರು ಸೂರಿನ ಅಂಚಿನಿಂದ ತೊಡಗಿ ಮೇಲಕ್ಕೆ ಹೋಗುತ್ತಾರೆ. ಮೇಲಿನ ಸಾಲಿನ ಹೆಂಚು ಕೆಳಗಿನ ಸಾಲಿನ ತಲೆಯನ್ನು ಮುಚ್ಚುತ್ತದೆ. ‘ಹೇರು’ ಎಂಬಲ್ಲಿ ಹೊರುವುದೊಂದು ಇರಲೇಬೇಕು. ಎತ್ತಿನ ಮೇಲೆ, ಗಾಡಿಗೆ, ಲಾರಿಗೆ ಹೇರುತ್ತಾರೆ. ಹೊಲದ ಬದುವಿನಲ್ಲಿ ಕೋಸಿನ ಮೂಟೆಗಳನ್ನು ಪೇರಿಸಿ, ಬಳಿಕ ಲಾರಿಗೆ ಹೇರುತ್ತಾರೆ ಎಂಬ ವಾಕ್ಯದಲ್ಲಿ ಎರಡೂ ಪದಗಳ ವ್ಯತ್ಯಾಸ ಸ್ಪಷ್ಟವಾಗಿದೆ.

ಈ ‘ಹೇರು’ ಹಳಗನ್ನಡದಲ್ಲಿ ಪಕಾರದಿಂದ ತೊಡಗುತ್ತಿತ್ತು. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತು, ‘ಪುಲಿ’ ‘ಹುಲಿ’ ಆಯಿತು. ತಮಿಳಿನಲ್ಲಿ ಇಂದಿಗೂ ‘ಪಾಲ್’, ‘ಪುಲಿ’ ಎಂದೇ ಇವೆ. ತಾಳವಾಡಿಯ ಮಕ್ಕಳು ಈ ಎರಡು ರೂಪಗಳನ್ನೂ ದಿನವೂ ಕೇಳುತ್ತಾರೆ. ಹಳಗನ್ನಡ ಪದ್ಯವನ್ನು ಕಲಿಸುವಾಗ ಇದು ಅವರಿಗೆ ತೊಡಕಾಗದೆ ನೆರವಾಗುತ್ತದೆ.

ನೆರೆಯ ತಮಿಳು

ಇನ್ನು ಹುಡುಗನ ‘ಅಡುಕು’ ಪದಕ್ಕೆ ಬರೋಣ. ತಮಿಳಿನಲ್ಲಿ ಒಂದರ ಮೇಲೊಂದು ಇಡುವುದಕ್ಕೆ ‘ಅಡುಕ್ಕು’ ಎನ್ನುತ್ತಾರೆ. ಪದರಕ್ಕೂ ಅದೇ ಹೆಸರು. ಹುಡುಗನ ಪದ ತಮಿಳಿನದೆಂಬ ಶಂಕೆಗೆ ಇದೇ ಕಾರಣ. ಆದರೆ ಕನ್ನಡದ ‘ಅಡಕು’ ತಮಿಳಿನಿಂದ ಸಾಲ ತಂದ ಪದವಲ್ಲ. ಎರಡೂ ಒಂದೇ ದ್ರಾವಿಡ ಮೂಲದ ಸೋದರ ಪದಗಳು. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟಿನಲ್ಲಿ ಈ ಪದವೂ ಅದಕ್ಕೆ ಸೇರಿದ ‘ಅಡಕಿಲು’ ಎಂಬ ನಾಮಪದವೂ ಕನ್ನಡ ಪದಗಳಾಗಿಯೇ ದಾಖಲಾಗಿವೆ. ಅಡಕಿಲು ಅಥವಾ ಅಡಕಲು ಎಂದರೆ ಒಂದರ ಮೇಲೊಂದು ಇಟ್ಟ ಗಡಿಗೆಗಳ ಸಾಲು. ದೊಡ್ಡ ಗಡಿಗೆ ಅಡಿಯಲ್ಲಿ, ಅದಕ್ಕಿಂತ ಚಿಕ್ಕದು ಅದರ ಮೇಲೆ, ತೀರ ಚಿಕ್ಕದು ತುದಿಯಲ್ಲಿ. ಕಾಳುಕಡ್ಡಿಗಳನ್ನು ಹೀಗೆ ಇಡುತ್ತಿದ್ದ ಹಳೆಯ ಮನೆಗಳ ನೆನಪು ಊರಿನ ಹಿರಿಯರಿಗೆ ಇದ್ದೀತು. ‘ಅಡಕ’, ‘ಅಡಕವಾಗು’ ಎಂಬ ಇಂದಿನ ಗ್ರಾಂಥಿಕ ಪದಗಳೂ ಇದೇ ಬಳಗದವು. ಸಿ.ಡಿ.ಗೆ ‘ಅಡಕಮುದ್ರಿಕೆ’ ಎಂದು ಕನ್ನಡದಲ್ಲಿ ಹೆಸರಿಟ್ಟವರೂ ಈ ಪದವನ್ನೇ ಆಧರಿಸಿದರು.

ಹುಡುಗಿಯ ‘ಮಡಗು’ ಸಹ ಒರಟು ಮಾತಲ್ಲ. ಇಡು, ಇರಿಸು ಎಂಬ ಅರ್ಥದ ಕನ್ನಡ ಧಾತು ಅದು. ಮೈಸೂರು, ಚಾಮರಾಜನಗರ ಸೀಮೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಅದು ಬರಹದಲ್ಲಿ ಕಡಿಮೆಯಾಯಿತೆಂದರೆ ಕನ್ನಡವಲ್ಲವೆಂದು ಅರ್ಥವಲ್ಲ.

ಹಾಗೆಂದು ತಮಿಳಿನ ಹೋಲಿಕೆ ಎಲ್ಲ ಕಡೆಯೂ ನೆರವಿಗೆ ಬರುವುದಿಲ್ಲ. ‘ಒಟ್ಟು’ ಪದದಲ್ಲಿ ಎಚ್ಚರ ಬೇಕು. ತಮಿಳಿನಲ್ಲಿ ‘ಒಟ್ಟು’ ಎಂದರೆ ಅಂಟಿಸು ಎಂದು ಮುಖ್ಯಾರ್ಥ. ಚಿತ್ರವನ್ನು ಹಾಳೆಗೆ ‘ಒಟ್ಟಬೇಕು’ ಎಂಬುದು ತಮಿಳಿನ ಮಾತು, ಕನ್ನಡದಲ್ಲಿ ಅಂಟಿಸಬೇಕು. ತಮಿಳಿನ ಮೊತ್ತ ‘ಮೊತ್ತಂ’. ಕನ್ನಡದಲ್ಲಿ ‘ಮೊತ್ತ’ವೂ ಉಂಟು, ‘ಒಟ್ಟು’ ಸಹ ಉಂಟು. ಎರಡು ಭಾಷೆಗಳಲ್ಲಿಯೂ ಕೂಡುವ ಭಾವವಿದೆ, ಆದರೆ ಕೂಡುವ ಬಗೆ ಬೇರೆ. “ಕಡ್ಡಿಗಳನ್ನು ಒಟ್ಟಿರಿ” ಎಂದಾಗ ಮಗು ಗೋಂದಿನ ಕಡೆ ಕೈಚಾಚಿದರೆ ಅದು ಮಗುವಿನ ದಡ್ಡತನವಲ್ಲ. “ಒಟ್ಟು ಎಷ್ಟು?” ಎಂಬ ಗಣಿತದ ಪ್ರಶ್ನೆಯಲ್ಲಿ ತಡವರಿಸಿದರೂ ಲೆಕ್ಕ ಬಾರದೆಂದು ಕೂಡಲೇ ತೀರ್ಮಾನಿಸಬಾರದು, ತೊಡಕು ಸಂಖ್ಯೆಯಲ್ಲಿದೆಯೋ ಪದದಲ್ಲಿದೆಯೋ ಎಂದು ಕೇಳಿ ತಿಳಿಯಬೇಕು.

ಕೆಲವೆಡೆ ಎರಡು ಭಾಷೆಗಳು ಒಂದೇ ವಸ್ತುವನ್ನು ಎರಡು ಬಗೆಯಾಗಿ ಕಾಣುತ್ತವೆ. ದಳಗಳು ಹೆಚ್ಚಿರುವ ಮಲ್ಲಿಗೆಯನ್ನು ತಮಿಳರು ‘ಅಡುಕ್ಕುಮಲ್ಲಿ’ ಎನ್ನುತ್ತಾರೆ. ಕನ್ನಡದಲ್ಲಿ ಅದು ‘ಸುತ್ತು ಮಲ್ಲಿಗೆ’, ‘ಏಳು ಸುತ್ತಿನ ಮಲ್ಲಿಗೆ’. ಅವರು ಪದರವನ್ನು ಕಂಡರು, ಇವರು ಸುತ್ತನ್ನು ಕಂಡರು. ಅಲ್ಲಿಯ ‘ಅಡುಕ್ಕುಮಾಡಿ’ ಇಲ್ಲಿ ‘ಬಹುಮಹಡಿ ಕಟ್ಟಡ’. ಕಾಸರಗೋಡು, ಮಂಗಳೂರು ಕಡೆಯ ಕನ್ನಡಿಗರು ಪುಸ್ತಕಗಳನ್ನು ‘ಅಟ್ಟಿ’ ಇಡುತ್ತಾರೆ. ಅಲ್ಲಿಯ ನೆರೆಭಾಷೆಯಾದ ಮಲಯಾಳದಲ್ಲಿಯೂ ಆ ಪದವುಂಟು. ಗಡಿನಾಡಿನ ಕನ್ನಡ ಎಲ್ಲೆಡೆ ಹೀಗೆಯೇ ನೆರೆಯವರೊಡನೆ ಪದಗಳನ್ನು ಹಂಚಿಕೊಂಡು ಬಾಳುತ್ತಿದೆ.

ವಾಕ್ಯದಲ್ಲಿ ಬಳಕೆ

ಪೇರಿಸು ಸಕರ್ಮಕ ಧಾತು. ಏನನ್ನು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ವಾಕ್ಯ ಪೂರ್ಣವಾಗದು. ‘ಪೇರಿಸಿದನು, ಪೇರಿಸುತ್ತಾನೆ, ಪೇರಿಸುವನು’ ಎಂದು ಮೂರು ಕಾಲಗಳಲ್ಲಿ ನಡೆಯುತ್ತದೆ. ಕೊನೆಯಲ್ಲಿ ‘ಇಸು’ ಇರುವುದರಿಂದ ಇದನ್ನು ಮಾಡಿಸು, ಬರೆಯಿಸು ಎಂಬಂತೆ ಪ್ರೇರಣಾರ್ಥಕವೆಂದು ಮಕ್ಕಳು ತಿಳಿಯಬಹುದು. ‘ಒಟ್ಟಿಸಿದನು’ ಎಂದರೆ ಇನ್ನೊಬ್ಬರಿಂದ ಒಟ್ಟುವ ಕೆಲಸ ಮಾಡಿಸಿದನು. ‘ಪೇರಿಸಿದನು’ ಎಂದರೆ ತಾನೇ ಆ ಕೆಲಸ ಮಾಡಿದನು. ರೂಪ ಒಂದೇ ತೆರನಾದರೂ ಇಂದಿನ ಬಳಕೆಯಲ್ಲಿ ಅರ್ಥ ಹಾಗಿಲ್ಲ. ಕೆಲಸ ಮುಗಿದು ವಸ್ತು ಹಾಗೆಯೇ ನಿಂತಿದೆ ಎಂದು ಹೇಳಲು ‘ಪೇರಿಸಿಡು’ ಎಂಬ ರೂಪ ಬಳಕೆಯಲ್ಲಿದೆ: “ಪುಸ್ತಕಗಳನ್ನು ಮೇಜಿನ ಮೇಲೆ ಪೇರಿಸಿಟ್ಟಿದ್ದಾರೆ.”

ಈ ಧಾತುವಿನೊಡನೆ ಹೆಚ್ಚಾಗಿ ಬರುವ ನುಡಿಕಟ್ಟು ‘ಒಂದರ ಮೇಲೊಂದು’. ‘ಒಂದರ’ ಎಂಬುದು ಷಷ್ಠೀ ವಿಭಕ್ತಿ. ‘ಮೇಲೆ’ ಮತ್ತು ‘ಒಂದು’ ಸೇರಿ ‘ಮೇಲೊಂದು’ ಆದುದು ಲೋಪಸಂಧಿ. ತಟ್ಟೆ ಪೇರಿಸುವಾಗಲೇ ಈ ಸಂಧಿಯನ್ನು ಕಲಿಸಿದರೆ ಮಕ್ಕಳು ಅದನ್ನು ಮರೆಯುವುದು ಕಡಿಮೆ.

ಪದಗಳನ್ನು ಪೇರಿಸುವ ಕ್ರಮವೂ ಭಾಷೆಯಲ್ಲಿದೆ. ‘ಪದರ ಪದರವಾಗಿ’, ‘ರಾಶಿ ರಾಶಿ’, ‘ಹಾವು! ಹಾವು!’ ಎಂಬಲ್ಲಿ ಒಂದು ವಿಶೇಷಾರ್ಥಕ್ಕಾಗಿ ಪದವನ್ನು ಮರಳಿ ಹೇಳುತ್ತೇವೆ. ಕನ್ನಡ ವ್ಯಾಕರಣ ಇದನ್ನು ದ್ವಿರುಕ್ತಿ ಎನ್ನುತ್ತದೆ. ತಮಿಳು ವ್ಯಾಕರಣದಲ್ಲಿ ಇದರ ಹೆಸರು ‘ಅಡುಕ್ಕುತ್ತೊಡರ್’, ಅಂದರೆ ಒಂದರ ಮೇಲೊಂದು ಇಟ್ಟ ನುಡಿ. ‘ಪಟಪಟ’, ‘ಸರಸರ’ ಎಂಬಂತಹವು ಕನ್ನಡದಲ್ಲಿ ಅನುಕರಣಾವ್ಯಯ. ಬಿಡಿಸಿದರೆ ಅರ್ಥ ನಿಲ್ಲದ ಅಂತಹ ಜೋಡಿಗಳನ್ನು ತಮಿಳರು ‘ಇರಟ್ಟೈಕ್ಕಿಳವಿ’ ಎಂದು ಪ್ರತ್ಯೇಕಿಸುತ್ತಾರೆ. ತಾಳವಾಡಿಯ ಮಗು ಈ ಎರಡು ವ್ಯಾಕರಣಗಳನ್ನೂ ಓದಬೇಕಾಗಿದೆ. ಕನ್ನಡದ ಶಿಕ್ಷಕರೂ ತಮಿಳಿನ ಶಿಕ್ಷಕರೂ ಈ ಒಂದು ಪಾಠವನ್ನು ಒಂದೇ ವಾರದಲ್ಲಿ ಇಟ್ಟುಕೊಂಡರೆ ಮಗುವಿನ ಹೊರೆ ಅರ್ಧವಾಗುತ್ತದೆ.

ಅಕ್ಷರಗಳನ್ನು ಪೇರಿಸುವುದು

ತಾಳವಾಡಿಯ ಮಕ್ಕಳಿಗೆ ನಿಜವಾದ ಕಷ್ಟ ಬರುವುದು ಲಿಪಿಯಲ್ಲಿ. ಕನ್ನಡ ಲಿಪಿಯಲ್ಲಿ ವ್ಯಂಜನದ ಅಡಿಯಲ್ಲಿ ವ್ಯಂಜನವನ್ನು ಬರೆಯುತ್ತೇವೆ. ‘ಅಕ್ಕ’ ಎಂಬ ಪದದ ಎರಡನೆಯ ಕಕಾರ ಮೊದಲನೆಯದರ ಅಡಿಯಲ್ಲಿದೆ. ತಮಿಳು ಲಿಪಿಯಲ್ಲಿ ಹೀಗಿಲ್ಲ. ಮೊದಲ ಕಕಾರದ ನೆತ್ತಿಯ ಮೇಲೆ ಪುಳ್ಳಿ ಎಂಬ ಚುಕ್ಕಿಯಿಟ್ಟು, ಎರಡನೆಯದನ್ನು ಅದರ ಪಕ್ಕದಲ್ಲಿ ಬರೆಯುತ್ತಾರೆ. ಒಂದು ಲಿಪಿ ಕೆಳಕ್ಕೆ ಬೆಳೆಯುತ್ತದೆ, ಇನ್ನೊಂದು ಪಕ್ಕಕ್ಕೆ ಬೆಳೆಯುತ್ತದೆ. ಎರಡನ್ನೂ ಒಟ್ಟಿಗೆ ಕಲಿಯುವ ಆರು ವರ್ಷದ ಮಗು ಕನ್ನಡದ ಒತ್ತಕ್ಷರವನ್ನು ಪಕ್ಕದಲ್ಲಿ ಬರೆದರೆ ಅದಕ್ಕೆ ಕಾರಣವಿದೆ.

ತಟ್ಟೆ ಪೇರಿಸುವುದಕ್ಕೂ ಅಕ್ಷರ ಪೇರಿಸುವುದಕ್ಕೂ ಇರುವ ಭೇದವನ್ನು ಇಲ್ಲಿ ಹೇಳಿಕೊಡಬೇಕು. ತಟ್ಟೆಗಳಲ್ಲಿ ಮೊದಲು ಬಂದದ್ದು ಅಡಿಗೆ ಹೋಗುತ್ತದೆ. ಅಕ್ಷರಗಳಲ್ಲಿ ಮೊದಲು ಉಚ್ಚರಿಸುವುದು ಮೇಲೆ ನಿಲ್ಲುತ್ತದೆ, ಅನಂತರದ್ದು ಅದರ ಅಡಿಗೆ ಬರುತ್ತದೆ. ಸ್ವರಚಿಹ್ನೆಯಲ್ಲಿ ಇನ್ನೊಂದು ತೊಡಕಿದೆ. ‘ಆಸ್ತಿ’ ಎಂದು ಬರೆಯುವಾಗ ಗುಡಿಸು ಸಕಾರದ ಮೇಲಿದೆ. ಕಿವಿಗೆ ಕೇಳುವ ಇಕಾರವಾದರೋ ತಕಾರದ ಅನಂತರ ಬರುತ್ತದೆ. ಕಣ್ಣಿಗೂ ಕಿವಿಗೂ ಇರುವ ಈ ವ್ಯತ್ಯಾಸವನ್ನು ಬಿಡಿಸಿ ಹೇಳದಿದ್ದರೆ ಮಗು ‘ಆಸಿತ’ ಎಂದು ಓದುವ ಸಂಭವವುಂಟು. ‘ಸ್ + ತ್ + ಇ’ ಎಂದು ಮೂರು ಬಿಲ್ಲೆಗಳನ್ನು ಮೊದಲು ಸಾಲಾಗಿ ಇಟ್ಟು, ಬಳಿಕ ತಕಾರವನ್ನು ಸಕಾರದ ಅಡಿಗೆ ಸರಿಸಿ, ಕೊನೆಗೆ ಗುಡಿಸನ್ನು ಮೇಲೇರಿಸಿ ತೋರಿಸಬೇಕು. ‘ಸೂರ್ಯ’ದಲ್ಲಿನ ಅರ್ಕಾವತ್ತು ಬಲಕ್ಕೆ ನಿಂತರೂ ಮೊದಲು ಉಚ್ಚರಿಸಬೇಕಾದದ್ದು, ಅದನ್ನು ಇವೆಲ್ಲ ಗಟ್ಟಿಯಾದ ಮೇಲೆ, ಬೇರೆ ದಿನ ಕಲಿಸುವುದು ಒಳಿತು.

ತರಗತಿಯಲ್ಲಿ

ಇಂತಹ ಕ್ರಿಯಾಪದಗಳನ್ನು ಕಪ್ಪುಹಲಗೆಯಿಂದ ತೊಡಗಬಾರದು, ಕೈಯಿಂದ ತೊಡಗಬೇಕು. ತಟ್ಟೆ, ಸ್ಲೇಟು, ಒಣಕಡ್ಡಿ, ಈರುಳ್ಳಿ, ಚೀಲ ಇವಿಷ್ಟು ಸಾಕು. ಮೊದಲು ಮಕ್ಕಳು ಕೆಲಸ ಮಾಡಲಿ. ಎರಡನೆಯದಾಗಿ ಆ ಕೆಲಸವನ್ನು ತಮ್ಮ ಮನೆಮಾತಿನಲ್ಲಿ ಹೇಳಲಿ. ಅಡುಕು ಎನ್ನಲಿ, ಮಡಗು ಎನ್ನಲಿ, ಬಂದ ಪದಗಳನ್ನೆಲ್ಲ ಶಿಕ್ಷಕರು ಹಲಗೆಯ ಮೇಲೆ ಬರೆಯಲಿ. ಸೋಲಿಗರ ಮನೆಯ ಮಗುವಿದ್ದರೆ ಆ ಮಗುವಿನ ಪದಕ್ಕೂ ಅಲ್ಲಿ ಸ್ಥಾನವಿರಲಿ. ಮೂರನೆಯದಾಗಿ ಮನೆಯ ಪದ, ಪುಸ್ತಕದ ಪದ, ತಮಿಳಿನ ಪದ ಎಂದು ಮೂರು ಕಂಬಗಳ ಪಟ್ಟಿ ಸಿದ್ಧವಾಗಲಿ. ಅಡಕು, ಅಡುಕ್ಕು ಒಂದೇ ಸಾಲಿಗೆ ಬರುತ್ತವೆ. ಕನ್ನಡದ ‘ಒಟ್ಟು’ ಮತ್ತು ತಮಿಳಿನ ‘ಒಟ್ಟು’ ಬೇರೆ ಬೇರೆ ಸಾಲಿಗೆ ಹೋಗುತ್ತವೆ. ಯಾವುದು ಎಲ್ಲಿಗೆ ಎಂಬುದನ್ನು ಮಕ್ಕಳೇ ವಾದಿಸಿ ತೀರ್ಮಾನಿಸಲಿ. ನಾಲ್ಕನೆಯದಾಗಿ ಪುಸ್ತಕದ ಪದವನ್ನು ಬಳಸಿ ಎರಡು ವಾಕ್ಯ ಬರೆಯಲಿ. ಈರುಳ್ಳಿಯನ್ನು ಕೈಗೆ ಕೊಟ್ಟು, “ಇದನ್ನು ಯಾರು ಪೇರಿಸಿದರು?” ಎಂದು ಕೇಳಿದರೆ ‘ಪದರ’ಕ್ಕೂ ‘ಪೇರಿಸು’ ಪದಕ್ಕೂ ಇರುವ ಅಂತರವನ್ನು ಅವರೇ ಹೇಳುತ್ತಾರೆ.

ಉತ್ತರಪತ್ರಿಕೆ ತಿದ್ದುವಾಗಲೂ ಇದೇ ನೀತಿ ಇರಬೇಕು. ಮಗು ‘ಪುಸ್ತಕಗಳನ್ನು ಅಡುಕಿದೆನು’ ಎಂದು ಬರೆದಿದ್ದರೆ ಪದವನ್ನು ಕೆಂಪುಗೆರೆಯಿಂದ ಹೊಡೆದುಹಾಕದೆ, ಅದರ ಮೇಲೆ ‘ಪೇರಿಸಿದೆನು’ ಎಂದು ಬರೆದರೆ ಸಾಕು. ಗ್ರಾಂಥಿಕ ರೂಪವನ್ನು ಕಲಿಸಬೇಕೇ ಬೇಡವೇ ಎಂಬ ಸಂದೇಹಕ್ಕೆ ಎಡೆಯಿಲ್ಲ. ಕಲಿಸಲೇಬೇಕು, ಪರೀಕ್ಷೆಗೂ ಮುಂದಿನ ಓದಿಗೂ ಅದು ಬೇಕು. ಅದನ್ನು ಮನೆಮಾತಿನ ಮೇಲೆ ಇಡಬೇಕೋ, ಮನೆಮಾತನ್ನು ತೆಗೆದು ಅದರ ಜಾಗದಲ್ಲಿ ಇಡಬೇಕೋ ಎಂಬುದಷ್ಟೇ ಪ್ರಶ್ನೆ.

‘ಹೇರು’ ಪದಕ್ಕೆ ಇಂದು ದಂಡ ಹೇರು, ನಿರ್ಬಂಧ ಹೇರು, ಭಾಷೆ ಹೇರು ಎಂಬ ಅರ್ಥವೂ ಬಂದಿದೆ. ಒಲ್ಲದವರ ಮೇಲೆ ಭಾರವಿಡುವುದು ಎಂದು ಅದರ ತಾತ್ಪರ್ಯ. ಗಡಿನಾಡಿನ ಶಿಕ್ಷಕರು ಈ ಮಾತನ್ನು ಬೇರೆ ಭಾಷೆಗಳ ವಿಷಯದಲ್ಲಿ ಹಲವು ಬಾರಿ ಕೇಳಿದ್ದಾರೆ, ಆಡಿಯೂ ಇದ್ದಾರೆ. ಗ್ರಾಂಥಿಕ ಕನ್ನಡವನ್ನೂ ಒಂದು ಮಗುವಿನ ಮೇಲೆ ಹಾಗೆ ಹೇರಲು ಸಾಧ್ಯವೆಂಬುದು ನೆನಪಿನಲ್ಲಿರಬೇಕು. ಅಡಕಲು ಗಡಿಗೆಗಳನ್ನು ಇಡುತ್ತಿದ್ದವರು ಮೊದಲು ಅಡಿಯ ಗಡಿಗೆ ಗಟ್ಟಿಯಾಗಿ ಕುಳಿತಿದೆಯೇ ಎಂದು ಅಲುಗಾಡಿಸಿ ನೋಡುತ್ತಿದ್ದರು. ಅದು ಒಡೆದರೆ ಮೇಲಿನವೆಲ್ಲ ಉರುಳುತ್ತವೆ. ತಾಳವಾಡಿಯ ಮಗುವಿಗೆ ಅಡಿಯ ಗಡಿಗೆ ಅದರ ಮನೆಮಾತು. ಗ್ರಾಂಥಿಕ ಕನ್ನಡ, ತಮಿಳು, ಇಂಗ್ಲಿಷ್ ಎಲ್ಲವೂ ಅದರ ಮೇಲೆ ಕುಳಿತುಕೊಳ್ಳಬೇಕಾದವು. ನಾಳೆ ಊಟ ಮುಗಿದು ತಟ್ಟೆಗಳು ಸದ್ದು ಮಾಡುವಾಗ “ಏನು ಮಾಡ್ತಿದ್ದೀಯಪ್ಪ?” ಎಂದು ಕೇಳಿ, ಬಂದ ಉತ್ತರವನ್ನು ತಿದ್ದದೆ ಒಮ್ಮೆ ಬರೆದುಕೊಂಡರೆ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.